ಮೆಟ್ಟಿಲುಗಳ ಊರಿಗೆ ಹೋಗುವ ಮುನ್ನ: ಗ್ವಾನಹ್ವಾತೊ ಪ್ರವಾಸದ ಸಿದ್ಧತೆ

ಮೆಕ್ಸಿಕೊ ಪ್ರವಾಸವೆಂದರೆ ಕ್ಯಾಂಕೂನಿನ ಕಡಲ ದಂಡೆ ಎಂದೇ ತಿಳಿದವರು ನಮ್ಮಲ್ಲಿ ಹೆಚ್ಚು. ಅಲ್ಲಿಗೆ ಹೋಗುವವರು ವಿಮಾನದ ಟಿಕೆಟ್ಟನ್ನೂ ರೆಸಾರ್ಟಿನ ಕೊಠಡಿಯನ್ನೂ ಕಾದಿರಿಸಿಕೊಂಡರೆ ಮುಗಿಯಿತು; ಉಳಿದದ್ದು ತಾನಾಗಿ ನಡೆಯುತ್ತದೆ. ಒಳನಾಡಿನ ಹಳೆಯ ಊರುಗಳು ಹಾಗಲ್ಲ. ಮೆಕ್ಸಿಕೊ ನಗರದಿಂದ ವಾಯವ್ಯಕ್ಕೆ ರಸ್ತೆಯಲ್ಲಿ ಸುಮಾರು 370 ಕಿಲೋಮೀಟರ್ ದೂರದಲ್ಲಿ, ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ, ಬೆಳ್ಳಿ ಗಣಿಗಳ ಹಣದಿಂದ ಬೆಳೆದ ಗ್ವಾನಹ್ವಾತೊ ನಗರವಂತೂ ಸಿದ್ಧತೆಯಿಲ್ಲದೆ ಬಂದವರನ್ನು ಮೊದಲ ದಿನವೇ ಸುಸ್ತು ಮಾಡಿಬಿಡುತ್ತದೆ. ಊರಿನ ಹೆಸರು ಅಲ್ಲಿನ ಮೂಲನಿವಾಸಿಗಳ ಪುರೆಪೆಚಾ ಭಾಷೆಯದು. ಕಪ್ಪೆಗಳ ಬೆಟ್ಟ ಎಂದು ಅದರ ಅರ್ಥ ಹೇಳುತ್ತಾರೆ. 1988ರಲ್ಲಿ ಯುನೆಸ್ಕೊ ಈ ಊರನ್ನೂ ಅದರ ಸುತ್ತಲಿನ ಗಣಿಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾನು ಹ್ಯೂಸ್ಟನ್ನಿನಿಂದ ಮನೆಯವರೊಂದಿಗೆ ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಮಾಡಿದ ತಪ್ಪುಗಳಿಂದ ಕಲಿತದ್ದೇ ಇಲ್ಲಿ ಹೆಚ್ಚಾಗಿದೆ.

ಆ ತಪ್ಪುಗಳಿಗೆಲ್ಲ ಮೂಲ ನಕ್ಷೆ. ಫೋನಿನ ನಕ್ಷೆಯಲ್ಲಿ ಗ್ವಾನಹ್ವಾತೊ ಅಂಗೈಯಗಲದ ಊರು. ಯಾವ ಎರಡು ಜಾಗಗಳ ನಡುವೆಯೂ ಹತ್ತು ಹನ್ನೆರಡು ನಿಮಿಷಕ್ಕಿಂತ ಹೆಚ್ಚಿನ ನಡಿಗೆ ಕಾಣಿಸುವುದಿಲ್ಲ. ಆದರೆ ಆ ನಕ್ಷೆ ಏರು ತಗ್ಗುಗಳನ್ನು ತೋರಿಸುವುದಿಲ್ಲ. ಮುಖ್ಯ ಚೌಕದಿಂದ ಐದೇ ನಿಮಿಷ ಎಂಬ ಮಾತನ್ನು ನಂಬಿ ನಾವು ಕಾದಿರಿಸಿದ್ದ ಮನೆಗೆ ರಸ್ತೆಯೇ ಇರಲಿಲ್ಲ. ಟ್ಯಾಕ್ಸಿಯವರು ಒಂದು ಓಣಿಯ ಬಾಯಲ್ಲಿ ನಮ್ಮ ನಾಲ್ಕು ಸೂಟ್‌ಕೇಸುಗಳನ್ನು ಇಳಿಸಿ, ಮೇಲಕ್ಕೆ ಕೈ ತೋರಿಸಿ, ಹೊರಟುಹೋದರು. ಓಣಿಯಗಲಕ್ಕೂ ಮೆಟ್ಟಿಲು, ಒಂದು ಮೆಟ್ಟಿಲು ಗೇಣುದ್ದವಾದರೆ ಇನ್ನೊಂದು ಮೊಳದುದ್ದ, ನಡುನಡುವೆ ಸವೆದು ನುಣುಪಾದ ಕಲ್ಲಿನ ಇಳಿಜಾರು. ನಮ್ಮತ್ತೆಯವರು ಒಂದೊಂದು ತಿರುವಿನಲ್ಲಿಯೂ ಗೋಡೆಗೆ ಕೈಕೊಟ್ಟು ನಿಂತು, ಇನ್ನೆಷ್ಟು ಎಂದು ಕೇಳುತ್ತಿದ್ದರು, ನಮಗೂ ಗೊತ್ತಿರಲಿಲ್ಲ. ಬಾಗಿಲು ಮುಟ್ಟುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು. ಆಮೇಲಿನ ಮೂರು ದಿನ ಅವರು ದಿನಕ್ಕೊಂದೇ ಸಲ ಕೆಳಗಿಳಿದರು. ಹಾಗಾಗಿ ಈ ಊರಿನಲ್ಲಿ ಯಾವುದನ್ನು ಗೊತ್ತುಮಾಡುವಾಗಲೂ ಎಷ್ಟು ದೂರ ಎಂದು ಕೇಳಬೇಡಿ, ಎಷ್ಟು ಹತ್ತಬೇಕು ಎಂದು ಕೇಳಿ.

ಇಡೀ ನಗರ ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್ ಎಂಬುದನ್ನು ನೆನೆದರೆ, ಇಲ್ಲಿ ಮೆಟ್ಟಿಲು ಹತ್ತುವಾಗ ಉಸಿರು ಬೇಗ ಕಟ್ಟುವುದೇಕೆಂದು ತಿಳಿಯುತ್ತದೆ. ಈ ಎತ್ತರದಲ್ಲಿ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಆದರೂ ಬಂದ ದಿನ ನಿಧಾನವಾಗಿ ನಡೆಯುವುದು, ನೀರು ಹೆಚ್ಚು ಕುಡಿಯುವುದು, ರಾತ್ರಿ ಹಗುರವಾಗಿ ಉಣ್ಣುವುದು ಒಳ್ಳೆಯದು. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವ ಹಿರಿಯರನ್ನು ಕರೆದೊಯ್ಯುವುದಾದರೆ ಮೊದಲೇ ವೈದ್ಯರನ್ನು ಕೇಳಿಕೊಳ್ಳಿ.

ತಂಗುವ ಜಾಗವನ್ನು ಆರಿಸುವಾಗ ಮನೆಯ ಮಾಲೀಕರಿಗೆ ಅಥವಾ ಹೋಟೆಲಿನವರಿಗೆ ಮೂರು ಪ್ರಶ್ನೆಗಳನ್ನು ಬರೆದು ಕೇಳಿ: ವಾಹನ ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು, ಬಾಗಿಲಿನಿಂದ ಕೊಠಡಿಗೆ ಎಷ್ಟು ಮೆಟ್ಟಿಲು. ಮೂರನೆಯದನ್ನು ಕೇಳಲು ಎಲ್ಲರೂ ಮರೆಯುತ್ತಾರೆ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಅಪರೂಪ. ಕಣಿವೆಯ ತಳದಲ್ಲಿರುವ ಪ್ಲಾಸಾ ದೆ ಲಾ ಪಾಸ್, ಸಾನ್ ಫೆರ್ನಾಂದೊ ಚೌಕ ಹಾಗೂ ಅವುಗಳ ಅಕ್ಕಪಕ್ಕದ ಬೀದಿಗಳು ಮಂಡಿನೋವಿನವರಿಗೂ ಮಕ್ಕಳಿರುವವರಿಗೂ ಅನುಕೂಲ. ಹಾರ್ದೀನ್ ದೆ ಲಾ ಉನಿಯೋನ್ ಎಂಬ ತ್ರಿಕೋನಾಕಾರದ ಉದ್ಯಾನ ಊರಿನ ಹೃದಯಭಾಗ. ಅಲ್ಲಿ ಕತ್ತರಿಸಿ ಚಪ್ಪರದಂತೆ ಬೆಳೆಸಿರುವ ದಟ್ಟ ಮರಗಳನ್ನು ಅಲ್ಲಿನವರು ಇಂಡಿಯಾದ ಲಾರೆಲ್ ಎಂದು ಕರೆಯುತ್ತಾರೆ. ನಮ್ಮ ಆಲ, ಅರಳಿ, ಅತ್ತಿಗಳ ಕುಲದ್ದೇ ಮರ ಅದು. ಆ ನೆರಳಿನಲ್ಲಿ ಕೂರುವುದು ಹಿತವೇ ಆದರೂ ಉದ್ಯಾನಕ್ಕೆ ಕಿಟಕಿ ತೆರೆಯುವ ಕೊಠಡಿಯನ್ನು ಮಾತ್ರ ಹಿಡಿಯಬೇಡಿ: ವಾರಾಂತ್ಯದಲ್ಲಿ ಸರಿರಾತ್ರಿ ಕಳೆದರೂ ತುತ್ತೂರಿಯ ಸದ್ದು ನಿಲ್ಲುವುದಿಲ್ಲ. ಊರಿನ ಸುತ್ತ ಗುಡ್ಡಗಳ ಮೇಲೆ ಸಾಗುವ ಪಾನೊರಾಮಿಕಾ ರಸ್ತೆಯ ಬದಿಯ ತಂಗುದಾಣಗಳಿಂದ ನೋಟ ಚೆನ್ನ, ವಾಹನವೂ ಬಾಗಿಲಿಗೆ ಬರುತ್ತದೆ. ಆದರೆ ಕೆಳಗಿಳಿದು ಹೋದವರು ಪ್ರತಿ ಸಲ ಹಿಂತಿರುಗಲು ಟ್ಯಾಕ್ಸಿ ಹಿಡಿಯಬೇಕು.

ಊರಿನೊಳಗೆ ಓಡಾಡುವವರು ಸುರಂಗಗಳನ್ನು ಅರ್ಥಮಾಡಿಕೊಳ್ಳಲೇಬೇಕು. ಗ್ವಾನಹ್ವಾತೊ ನದಿ ಹಿಂದೆ ಊರಿನ ನಡುವೆಯೇ ಹರಿಯುತ್ತಿತ್ತು, ಮಳೆಗಾಲದಲ್ಲಿ ಉಕ್ಕಿ ಮನೆಗಳನ್ನು ಮುಳುಗಿಸುತ್ತಿತ್ತು. 1905ರ ದೊಡ್ಡ ಪ್ರವಾಹದ ನಂತರ ನೀರನ್ನು ಬೇರೆ ದಾರಿಗೆ ತಿರುಗಿಸುವ ಕೆಲಸ ನಡೆಯಿತು. ಬರಿದಾದ ಹಳೆಯ ಪಾತ್ರವೇ 1960ರ ದಶಕದಲ್ಲಿ ನೆಲದಡಿಯ ರಸ್ತೆಯಾಯಿತು. ಆಮೇಲೆ ಇನ್ನಷ್ಟು ಸುರಂಗಗಳು ಸೇರಿಕೊಂಡು, ಇಂದು ವಾಹನಗಳ ಬಹುಪಾಲು ಓಡಾಟ ಊರಿನ ಅಡಿಯಲ್ಲೇ ನಡೆಯುತ್ತದೆ. ನಗರ ಬಸ್ಸುಗಳ ಕೆಲವು ನಿಲ್ದಾಣಗಳೂ ಸುರಂಗದೊಳಗಿವೆ. ಮೊದಲ ಸಲ ಅಲ್ಲಿ ಇಳಿದವರಿಗೆ ದಿಕ್ಕೇ ತೋಚುವುದಿಲ್ಲ: ತಲೆಯ ಮೇಲೆ ಕಲ್ಲಿನ ಕಮಾನು, ಮಂಕು ದೀಪ, ಡೀಸೆಲ್ ವಾಸನೆ, ಪಕ್ಕದಲ್ಲೊಂದು ಕಿರಿದಾದ ಮೆಟ್ಟಿಲ ಸಾಲು, ಅದನ್ನು ಹತ್ತಿ ಹೊರಬಂದರೆ ಕಣ್ಣು ಕುಕ್ಕುವ ಬಿಸಿಲಿನಲ್ಲಿ ಹಳದಿ ಚರ್ಚೊಂದರ ಪಕ್ಕ ನಿಂತಿರುತ್ತೀರಿ. ಸುರಂಗದೊಳಗೆ ಫೋನಿನ ಜಿಪಿಎಸ್ ಕೆಲಸ ಮಾಡುವುದಿಲ್ಲ. ಆದ್ದರಿಂದ ಬಾಡಿಗೆ ಕಾರು ತೆಗೆದುಕೊಂಡು ಈ ಊರೊಳಗೆ ನುಗ್ಗುವುದು ಜಾಣತನವಲ್ಲ. ಸುತ್ತಲಿನ ಊರುಗಳಿಗಾಗಿ ಕಾರು ಬೇಕೇಬೇಕೆಂದಿದ್ದರೆ ಹಣ ಕೊಟ್ಟು ಅದನ್ನು ನಿಲುಗಡೆಯ ಜಾಗದಲ್ಲಿ ಬಿಟ್ಟು, ಊರು ಬಿಡುವ ದಿನ ತೆಗೆಯಿರಿ.

ಇನ್ನು ಕಾಲದ ವಿಚಾರ. ನವೆಂಬರಿನಿಂದ ಏಪ್ರಿಲ್‌ವರೆಗೆ ಒಣ ಹವೆ. ಹಗಲು ಹಿತವಾದ ಬಿಸಿಲು, ಡಿಸೆಂಬರ್ ಜನವರಿಯ ರಾತ್ರಿಗಳಲ್ಲಿ ಒಳ್ಳೆಯ ಚಳಿ. ಹೆಚ್ಚಿನ ಮನೆಗಳಲ್ಲಿ ಹೀಟರ್ ಇರುವುದಿಲ್ಲ, ಕಲ್ಲಿನ ಗೋಡೆಗಳು ಹೊರಗಿಗಿಂತ ಒಳಗೇ ಹೆಚ್ಚು ಥಂಡಿ ಹಿಡಿದಿಡುತ್ತವೆ. ಸ್ವೆಟರನ್ನು ಬ್ಯಾಗಿನ ತಳದಲ್ಲಿ ಇಡಬೇಡಿ. ಏಪ್ರಿಲ್ ಮತ್ತು ಮೇ ವರ್ಷದ ಬಿಸಿ ತಿಂಗಳುಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಒಂದೆರಡು ತಾಸು ಸುರಿದು ನಿಲ್ಲುವಂಥದ್ದು. ಆಗ ಗುಡ್ಡಗಳೆಲ್ಲ ಹಸಿರಾಗುತ್ತವೆ, ಜನಸಂದಣಿಯೂ ಕಡಿಮೆ. ಬೆಳಗ್ಗೆ ಬೇಗ ಹೊರಡುವ ಅಭ್ಯಾಸವಿರುವವರಿಗೆ ಆ ಕಾಲವೂ ಕೆಟ್ಟದ್ದಲ್ಲ. ಆದರೆ ನೆನೆದ ಕಲ್ಲುಹಾಸು ಜಾರುತ್ತದೆ. ತಳ ಗಟ್ಟಿ ಹಿಡಿತದ ಶೂ ಇಲ್ಲದೆ ಹೋಗಬೇಡಿ, ಚಪ್ಪಲಿಯಂತೂ ಬೇಡವೇ ಬೇಡ.

ದಿನಾಂಕ ಗೊತ್ತುಮಾಡುವ ಮುನ್ನ ಹಬ್ಬಗಳ ಪಟ್ಟಿಯನ್ನು ನೋಡಿಕೊಳ್ಳಬೇಕು. ಅಕ್ಟೋಬರಿನಲ್ಲಿ ನಡೆಯುವ ಸೆರ್ವಾಂತಿನೊ ಕಲೋತ್ಸವದ ಬೇರು 1953ರಲ್ಲಿ ಇಲ್ಲಿನ ವಿಶ್ವವಿದ್ಯಾಲಯದವರು ಸಾನ್ ರೋಕೆ ಚೌಕದಲ್ಲಿ ಆಡಿದ, ಸ್ಪೇನಿನ ಲೇಖಕ ಸೆರ್ವಾಂತೆಸನ ಕಿರುನಾಟಕಗಳಲ್ಲಿದೆ. 1972ರಿಂದ ಅದು ಅಂತರರಾಷ್ಟ್ರೀಯ ಉತ್ಸವವಾಗಿ ಬೆಳೆದಿದೆ. ನಾಟಕ ಸಂಗೀತಗಳಿಗಾಗಿಯೇ ಹೋಗುವವರು ಕೊಠಡಿಯನ್ನು ಹಲವು ತಿಂಗಳ ಮೊದಲೇ ಹಿಡಿಯಬೇಕು. ಊರು ನೋಡಲು ಹೋಗುವವರು ಅಕ್ಟೋಬರನ್ನು ಬಿಟ್ಟುಬಿಡುವುದೇ ಲೇಸು, ಏಕೆಂದರೆ ವಾರಾಂತ್ಯಗಳಲ್ಲಿ ಓಣಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಈಸ್ಟರಿಗೆ ಮುಂಚಿನ ಪವಿತ್ರ ವಾರ ಹಾಗೂ ನವೆಂಬರ್ 1, 2ರ ಮೃತರ ದಿನಗಳಲ್ಲಿಯೂ ದರ ಏರುತ್ತದೆ. ನನ್ನನ್ನು ಕೇಳಿದರೆ ಪವಿತ್ರ ವಾರಕ್ಕೆ ಮುಂಚಿನ ಶುಕ್ರವಾರ ಬರುವ ಹೂವಿನ ಹಬ್ಬವನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ಅಂದು ಉದ್ಯಾನದ ಸುತ್ತ ಬೆಳಗಿನ ಜಾವದಿಂದಲೇ ಹೂ ಮಾರುತ್ತಾರೆ; ಯುಗಾದಿಯ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ಅಡ್ಡಾಡಿದವರಿಗೆ ಆ ಗಲಾಟೆ ಹೊಸದೆನಿಸುವುದಿಲ್ಲ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೆಕ್ಸಿಕೊದ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದರೆ, ಇಲ್ಲವೇ ಅಂಥ ದೇಶದ ಕಾಯಂ ನಿವಾಸದ ಕಾರ್ಡು ಇದ್ದರೆ, ಪ್ರತ್ಯೇಕ ವೀಸಾ ಇಲ್ಲದೆಯೇ ಪ್ರವಾಸಿಗರಾಗಿ ಒಳಹೋಗಬಹುದು. ಹೆಚ್ಚೆಂದರೆ 180 ದಿನ ಇರಲು ಅವಕಾಶವಿದೆ. ನಿಮಗೆ ಎಷ್ಟು ದಿನ ಕೊಟ್ಟಿದ್ದಾರೆಂಬುದನ್ನು ಮುದ್ರೆ ಬಿದ್ದ ಕೂಡಲೇ ಕೌಂಟರಿನ ಮುಂದೆಯೇ ನೋಡಿಕೊಳ್ಳಿ. ಅಮೆರಿಕದಲ್ಲಿ ಎಚ್-1ಬಿ ಮೇಲೆ ಇರುವ ನಮ್ಮವರು ಎಡವುವುದು ಇನ್ನೊಂದು ಕಡೆ. ಎಚ್-1ಬಿ ಮಂಜೂರಾತಿಯ ಐ-797 ಕಾಗದ ಚಾಲ್ತಿಯಲ್ಲಿದ್ದು ಪಾಸ್‌ಪೋರ್ಟಿನೊಳಗಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ, ಮೆಕ್ಸಿಕೊ ಕೊಡುವ ಈ ರಿಯಾಯಿತಿ ಸಿಗುವುದಿಲ್ಲ. ಆಗ ಮೆಕ್ಸಿಕೊ ಕಾನ್ಸುಲೇಟಿನಲ್ಲಿ ವೀಸಾ ಪಡೆದೇ ಹೊರಡಬೇಕು. ಮರಳಿ ಅಮೆರಿಕದೊಳಗೆ ಬರುವುದಕ್ಕೆ ಬೇರೆಯೇ ನಿಯಮಗಳಿವೆ. ಅವನ್ನು ಕಂಪನಿಯ ವಕೀಲರಿಂದ ಲಿಖಿತವಾಗಿ ತಿಳಿದುಕೊಳ್ಳದೆ ಟಿಕೆಟ್ಟು ಕೊಳ್ಳಬೇಡಿ. ಬೆಂಗಳೂರಿನಿಂದ ನೇರವಾಗಿ ಹೊರಡುವವರು ಯೂರೋಪಿನ ಯಾವುದಾದರೂ ನಗರದಲ್ಲಿ ವಿಮಾನ ಬದಲಿಸಿ ಮೆಕ್ಸಿಕೊ ನಗರಕ್ಕೆ ಬರಬಹುದು. ಅಮೆರಿಕದ ಮೂಲಕ ಬರುವುದಾದರೆ, ವಿಮಾನ ಬದಲಿಸುವಷ್ಟಕ್ಕೇ ಆದರೂ ಆ ದೇಶದ ವೀಸಾ ಬೇಕು.

ಗ್ವಾನಹ್ವಾತೊಗೆ ಹತ್ತಿರದ ವಿಮಾನ ನಿಲ್ದಾಣ ಸಿಲಾವೊ ಊರಿನ ಬಳಿ ಇದೆ. ಟಿಕೆಟ್ ಹುಡುಕುವಾಗ ಅದು ಲೆಯೋನ್ ಅಥವಾ ಬಹೀಯೊ ಎಂಬ ಹೆಸರಿನಲ್ಲಿ ಕಾಣಿಸುತ್ತದೆ. ಹ್ಯೂಸ್ಟನ್, ಡಲ್ಲಾಸ್‌ಗಳಿಂದ ಅಲ್ಲಿಗೆ ನೇರ ವಿಮಾನಗಳಿವೆ. ನಿಲ್ದಾಣದೊಳಗಿನ ಕೌಂಟರಿನಲ್ಲಿಯೇ ಹಣ ಕಟ್ಟಿ ಚೀಟಿ ಪಡೆದು ಟ್ಯಾಕ್ಸಿ ಹತ್ತಿದರೆ ಚೌಕಾಸಿಯ ಕಾಟವಿಲ್ಲ. ಅರ್ಧ ಮುಕ್ಕಾಲು ಗಂಟೆಯಲ್ಲಿ ಊರು ಸೇರಬಹುದು. ಮೆಕ್ಸಿಕೊ ನಗರದಿಂದ ಬರುವವರಿಗೆ ಬಸ್ಸೇ ಸರಿ. ಉತ್ತರ ದಿಕ್ಕಿನ ಟರ್ಮಿನಲ್ ದೆಲ್ ನೋರ್ತೆ ನಿಲ್ದಾಣದಿಂದ ಪ್ರಿಮೆರಾ ಪ್ಲುಸ್, ಇಟಿಎನ್ ಮುಂತಾದ ಸಂಸ್ಥೆಗಳ ಬಸ್ಸುಗಳು ಸುಮಾರು ಐದು ಗಂಟೆಯಲ್ಲಿ ತಲುಪಿಸುತ್ತವೆ. ಬಸ್ಸಿನೊಳಗೆ ಎಸಿ ಬಲು ಜೋರು, ಶಾಲು ಕೈಗೆಟಕುವಂತಿರಲಿ. ಗ್ವಾನಹ್ವಾತೊದ ಬಸ್ ನಿಲ್ದಾಣ ಊರಿನ ಹೊರಗಿದೆ, ಅಲ್ಲಿಂದ ಟ್ಯಾಕ್ಸಿಯನ್ನೋ ಸೆಂತ್ರೊ ಎಂದು ಫಲಕ ಹಾಕಿದ ನಗರ ಬಸ್ಸನ್ನೋ ಹಿಡಿಯಬೇಕು. ಟ್ಯಾಕ್ಸಿಗಳಿಗೆ ಮೀಟರಿಲ್ಲ, ಹತ್ತುವ ಮೊದಲೇ ದರ ಕೇಳಿ.

ಎಷ್ಟು ದಿನ ಬೇಕು ಎಂದರೆ ಮೂರು ರಾತ್ರಿ ಎಂದು ಹೇಳುತ್ತೇನೆ. ಹತ್ತಿರದ ಇನ್ನೊಂದು ಪ್ರವಾಸಿ ಊರಾದ ಸಾನ್ ಮಿಗೆಲ್ ದೆ ಅಯೆಂದೆಯಿಂದ ಒಂದೇ ದಿನಕ್ಕೆ ಬಂದು ಹೋಗುವವರು ಬಹಳ. ಅವರಿಗೆ ಊರಿನ ಸಂಜೆ ಸಿಗುವುದಿಲ್ಲ. ಓಡಾಟದ ಸೂತ್ರ ಸರಳ: ಮೇಲಕ್ಕೆ ಬಸ್ಸು, ಟ್ಯಾಕ್ಸಿ ಅಥವಾ ಫ್ಯುನಿಕುಲರ್ (ಗುಡ್ಡದ ಇಳಿಜಾರಿನಲ್ಲಿ ಹಗ್ಗದಿಂದ ಎಳೆಯುವ ಹಳಿಬಂಡಿ), ಕೆಳಕ್ಕೆ ಕಾಲ್ನಡಿಗೆ. ಬಂದ ದಿನ ಸಂಜೆ, 1903ರಲ್ಲಿ ಉದ್ಘಾಟನೆಯಾದ ಹ್ವಾರೆಸ್ ರಂಗಮಂದಿರದ ಹಿಂಬದಿಯಿಂದ ಫ್ಯುನಿಕುಲರಿನಲ್ಲಿ ಪೀಪಿಲಾ ಸ್ಮಾರಕಕ್ಕೆ ಹೋಗಿ. ಹಳದಿ, ಕೇಸರಿ, ಗುಲಾಬಿ ಬಣ್ಣದ ಮನೆಗಳ ಮೇಲೆ ಹೊತ್ತು ಮುಳುಗುವುದನ್ನು ನೋಡಿ, ದೀಪ ಹತ್ತಿದ ಮೇಲೆ ಓಣಿಗಳಲ್ಲಿ ನಿಧಾನವಾಗಿ ಇಳಿದು ಬನ್ನಿ. ಊರಿನ ಆಕಾರವೇ ತಲೆಯೊಳಗೆ ಕೂರುತ್ತದೆ, ಮರುದಿನದಿಂದ ದಾರಿ ತಪ್ಪುವುದು ಕಡಿಮೆ. ಪೀಪಿಲಾ ಒಬ್ಬ ಗಣಿ ಕಾರ್ಮಿಕ. 1810ರ ಸೆಪ್ಟೆಂಬರ್ 28ರಂದು, ಸ್ಪೇನಿನ ಆಳ್ವಿಕೆಯ ವಿರುದ್ಧದ ದಂಗೆಯಲ್ಲಿ, ಸ್ಪೇನಿನವರು ಅವಿತಿದ್ದ ಅಲೊಂದಿಗಾ ಎಂಬ ಧಾನ್ಯದ ಉಗ್ರಾಣದ ಬಾಗಿಲಿಗೆ, ಗುಂಡಿನಿಂದ ಪಾರಾಗಲು ಬೆನ್ನ ಮೇಲೆ ಕಲ್ಲುಚಪ್ಪಡಿ ಹೊತ್ತು ತೆವಳಿ ಹೋಗಿ ಬೆಂಕಿಯಿಟ್ಟವನು ಎಂಬುದು ಕಥೆ. ಮರುವರ್ಷ ಸೆರೆಸಿಕ್ಕ ದಂಗೆಯ ನಾಯಕ ಇದಾಲ್ಗೊ ಮತ್ತು ಅವನ ಮೂವರು ಜೊತೆಗಾರರ ತಲೆಗಳನ್ನು ಆ ಉಗ್ರಾಣದ ನಾಲ್ಕು ಮೂಲೆಗಳಲ್ಲಿ ನೇತುಹಾಕಲಾಯಿತು. 1821ರವರೆಗೂ ಅವು ಅಲ್ಲಿಯೇ ಇದ್ದವು. ಉಗ್ರಾಣ ಈಗ ವಸ್ತುಸಂಗ್ರಹಾಲಯ. ಮೆಟ್ಟಿಲ ಮೇಲಿನ ಗೋಡೆಗಳಲ್ಲಿ ಚಾವೆಸ್ ಮೊರಾದೊ ಬರೆದ ಭಿತ್ತಿಚಿತ್ರಗಳಿಗೇ ಅರ್ಧ ಗಂಟೆ ಮೀಸಲಿಡಿ. ಚಿತ್ರಕಾರ ದಿಯೇಗೊ ರಿವೇರಾ 1886ರಲ್ಲಿ ಹುಟ್ಟಿದ ಮನೆಯೂ ಅಲ್ಲಿಗೆ ಹತ್ತಿರ. ಹೆಚ್ಚಿನ ಸಂಗ್ರಹಾಲಯಗಳು ಸೋಮವಾರ ಮುಚ್ಚಿರುತ್ತವೆ.

ಆ ಸೋಮವಾರವನ್ನು ಗಣಿಗೆ ಕೊಡಿ. ಊರಿನಿಂದ ಉತ್ತರಕ್ಕೆ ಗುಡ್ಡದ ಮೇಲಿರುವ ವಲೆನ್ಸಿಯಾನಾ 18ನೆಯ ಶತಮಾನದ ಕೊನೆಯಲ್ಲಿ ಜಗತ್ತಿನ ಅತ್ಯಂತ ಸಿರಿವಂತ ಬೆಳ್ಳಿ ಗಣಿಗಳಲ್ಲಿ ಒಂದಾಗಿತ್ತು. ಅದರ ಒಡೆಯರ ಹಣದಿಂದ ಎದ್ದ ಸಾನ್ ಕಯೆತಾನೊ ಚರ್ಚು 1788ರಲ್ಲಿ ಪೂರ್ಣಗೊಂಡಿತು. ಒಳಗಿನ ಮೂರು ಬಂಗಾರದ ರೇಕಿನ ವೇದಿಕೆಗಳನ್ನು ನೋಡಿದ ಮೇಲೆ ಪಕ್ಕದ ಗಣಿಯ ಬಾಯೊಳಗೆ ಹೆಲ್ಮೆಟ್ ಹಾಕಿ ಇಳಿಯಬೇಕು. ಆಗಲೇ ಆ ಬಂಗಾರದ ಬೆಲೆ ಎಷ್ಟೆಂದು ಗೊತ್ತಾಗುವುದು. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದ ಹಿರಿಯರು ಮನೆಯಲ್ಲಿರುವವರಿಗೆ ಆ ಕತ್ತಲೆಯ ವಿಷಯ ನಾನು ಹೇಳಬೇಕಿಲ್ಲ. ಮಮ್ಮಿಗಳ ಸಂಗ್ರಹಾಲಯ ಈ ಊರಿನಲ್ಲಿ ಬಹಳ ಹೆಸರಾದದ್ದು. ಗೋರಿಯ ತೆರಿಗೆ ಕಟ್ಟದವರ ಶವಗಳನ್ನು 1865ರಿಂದ ಹೊರತೆಗೆದಾಗ ಒಣಗಿ ಉಳಿದಿದ್ದ ದೇಹಗಳನ್ನು ಅಲ್ಲಿ ಇಟ್ಟಿದ್ದಾರೆ. ಕಂದಮ್ಮಗಳ ದೇಹಗಳೂ ಇರುವುದರಿಂದ ಮಕ್ಕಳನ್ನು ಕರೆದೊಯ್ಯಬೇಡಿ. ನಾನಂತೂ ಎರಡನೆಯ ಸಲ ಒಳಗೆ ಹೋಗಲಿಲ್ಲ. ಬಾಲ್ಕನಿಗಳೆರಡು ಒಂದಕ್ಕೊಂದು ತಾಗುವಷ್ಟು ಇಕ್ಕಟ್ಟಾದ ಚುಂಬನದ ಓಣಿಗೆ, ಸಾಲು ನಿಲ್ಲುವುದು ಬೇಡವೆಂದಾದರೆ, ಬೆಳಗ್ಗೆ ಎಂಟಕ್ಕೆ ಮುಂಚೆ ಹೋಗಿ. ವಾರಾಂತ್ಯದ ರಾತ್ರಿ ಹಳೆಯ ಕಾಲದ ವೇಷ ತೊಟ್ಟ ಎಸ್ತುದಿಯಾಂತಿನಾ ಗಾಯಕರ ಹಿಂದೆ ಓಣಿ ಸುತ್ತುವುದನ್ನು ಮಾತ್ರ ಬಿಡಬೇಡಿ. ಹಾಸ್ಯವೆಲ್ಲ ಸ್ಪ್ಯಾನಿಷಿನಲ್ಲಿಯೇ; ಹಾಡಿಗೆ ಭಾಷೆ ಬೇಕಿಲ್ಲ.

ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳುವುದಿಲ್ಲ, ಆದರೆ ಕೇಳುವ ರೀತಿ ತಿಳಿದಿರಬೇಕು. ವೆಹೆತಾರಿಯಾನೊ ಎಂದಷ್ಟೇ ಹೇಳಿದರೆ ಕೆಲವರು ಕೋಳಿಯನ್ನು ತಂದಿಡುತ್ತಾರೆ; ಅವರ ಲೆಕ್ಕದಲ್ಲಿ ಕಾರ್ನೆ ಎಂದರೆ ಮುಖ್ಯವಾಗಿ ದನ, ಹಂದಿಗಳ ಮಾಂಸ. ಆದ್ದರಿಂದ ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಮಾಂತೆಕಾ ಎಂದು ಮೂರನ್ನೂ ಹೇಳಿ: ಮಾಂಸ ಬೇಡ, ಕೋಳಿ ಬೇಡ, ಹಂದಿ ಕೊಬ್ಬು ಬೇಡ. ಮಾಂತೆಕಾ ಹೆಚ್ಚಾಗಿ ಅಡಗಿರುವುದು ಹುರುಳಿಕಾಯಿ ಜಾತಿಯ ಕಾಳುಗಳಿಂದ ಮಾಡುವ ಫ್ರಿಹೋಲೆಸ್ ಎಂಬ ಪಲ್ಯದಲ್ಲಿ. ಕೆಂಪು ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸಿರುವುದೂ ಉಂಟು. ಊರಿನ ವಿಶೇಷ ತಿನಿಸು ಎಂಚಿಲಾದಾಸ್ ಮಿನೆರಾಸ್, ಅಂದರೆ ಗಣಿಗಾರರ ಎಂಚಿಲಾದಾ. 1910ರಲ್ಲಿ ತೆರೆದ ಇದಾಲ್ಗೊ ಮಾರುಕಟ್ಟೆಯ ಬಳಿ ಒಬ್ಬ ಹೆಂಗಸು ಅದನ್ನು ಮಾಡುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಮೆಕ್ಕೆಜೋಳದ ರೊಟ್ಟಿಯನ್ನು ರುಬ್ಬಿದ ಒಣಮೆಣಸಿನಕಾಯಿ ರಸದಲ್ಲಿ ಎರಡೂ ಬದಿ ಅದ್ದಿ, ಕಾವಲಿಯ ಎಣ್ಣೆಗೆ ಇಳಿಬಿಟ್ಟು, ಅಂಚು ಗರಿಯಾಗುವ ಮುನ್ನ ತೆಗೆದು, ಪುಡಿಮಾಡಿದ ಗಿಣ್ಣದಂಥ ಚೀಸನ್ನೂ ಈರುಳ್ಳಿಯನ್ನೂ ಒಳಗಿಟ್ಟು ಮಡಿಚಿ, ಮೇಲೆ ಹುರಿದ ಆಲೂಗಡ್ಡೆ, ಕ್ಯಾರೆಟ್ ಸುರಿದು ಕೊಟ್ಟರು. ಆ ಗ್ವಾಹೀಯೊ ಮೆಣಸಿನಕಾಯಿ ನಮ್ಮ ಬ್ಯಾಡಗಿಯ ಹಾಗೆ: ಬಣ್ಣ ಹೆಚ್ಚು, ಖಾರ ಕಡಿಮೆ. ಮೆಣಸಿನಕಾಯಿ ನಮ್ಮ ನಾಡಿಗೆ ಬಂದದ್ದೇ ಆ ಖಂಡದಿಂದ ಎಂಬುದು ಅಲ್ಲಿ ನಿಂತಾಗ ನಾಲಗೆಗೇ ತಿಳಿಯುತ್ತದೆ. ಸಪೋಟ, ಸೀಬೆ, ಸೀತಾಫಲಗಳೂ ಅಲ್ಲಿಂದ ಬಂದವೇ. ಬದಲಿಗೆ ಅಲ್ಲಿ ಸಿಗುವ ಹುಣಸೆಹಣ್ಣಿನ ಪಾನಕ ಕಡಲಾಚೆಯಿಂದ ಅಲ್ಲಿಗೆ ಹೋದ ರುಚಿ. ಕುಂಬಳ ಹೂವಿನ ಕೆಸಾದಿಯಾ, ಪಾಪಸುಕಳ್ಳಿಯ ಎಲೆಯ ಪಲ್ಯ, ನಿಂಬೆರಸ ಹಿಂಡಿದ ಮೆಕ್ಕೆಜೋಳದ ಕಾಳು ಯಾವ ಮೂಲೆಯಲ್ಲಾದರೂ ಸಿಗುತ್ತವೆ. ದಿನದ ಮುಖ್ಯ ಊಟ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ. ಕೊಮಿದಾ ಕೊರ್ರಿದಾ ಎಂಬ ನಮ್ಮ ಪ್ಲೇಟ್ ಮೀಲ್ಸಿನಂಥ ಊಟ ಆಗಲೇ ಸಿಗುವುದು.

ನಲ್ಲಿಯ ನೀರನ್ನು ಕುಡಿಯಬೇಡಿ, ಅಲ್ಲಿನವರೂ ಕ್ಯಾನಿನ ನೀರನ್ನೇ ಕುಡಿಯುತ್ತಾರೆ. ಬೆಲೆಪಟ್ಟಿಯಲ್ಲಿ ಡಾಲರಿನ ಚಿಹ್ನೆ ಕಂಡರೆ ಗಾಬರಿ ಬೇಡ, ಮೆಕ್ಸಿಕೊದ ಪೆಸೊಗೂ ಅದೇ ಚಿಹ್ನೆ. ಮಾರುಕಟ್ಟೆ, ಬಸ್ಸು, ಶೌಚಾಲಯಗಳಿಗೆ ಚಿಲ್ಲರೆ ಬೇಕು. ಹಣವನ್ನು ಬ್ಯಾಂಕಿನೊಳಗಿನ ಎಟಿಎಮ್ಮಿನಿಂದಲೇ ಹಗಲಿನಲ್ಲಿ ತೆಗೆಯಿರಿ. ನಿಮ್ಮ ದೇಶದ ಕರೆನ್ಸಿಗೆ ಪರಿವರ್ತಿಸಲೇ ಎಂದು ಯಂತ್ರ ಕೇಳಿದರೆ ಬೇಡವೆನ್ನಿ, ಅದರ ದರ ಯಾವಾಗಲೂ ದುಬಾರಿ. ಹೋಟೆಲಿನಲ್ಲಿ ಕೂತು ಉಂಡರೆ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಭಕ್ಷೀಸು ವಾಡಿಕೆ.

ಸುರಕ್ಷತೆಯ ಬಗ್ಗೆ ಓದುವಾಗ ಒಂದು ಗೊಂದಲವನ್ನು ತಪ್ಪಿಸಿಕೊಳ್ಳಬೇಕು. ಗ್ವಾನಹ್ವಾತೊ ಎಂಬುದು ರಾಜ್ಯದ ಹೆಸರೂ ಹೌದು, ಅದರ ರಾಜಧಾನಿಯ ಹೆಸರೂ ಹೌದು. ರಾಜ್ಯದ ದಕ್ಷಿಣದ ಸೆಲಾಯಾ, ಸಲಮಾಂಕಾ ಮುಂತಾದ ಕೈಗಾರಿಕಾ ಊರುಗಳ ಕಡೆ ಅಪರಾಧಿ ಗುಂಪುಗಳ ಕಾಳಗ ಕೆಲವು ವರ್ಷಗಳಿಂದ ಜೋರಾಗಿದೆ. ಸುದ್ದಿಯಲ್ಲಿ ಬರುವುದು ಹೆಚ್ಚಾಗಿ ಅದೇ. ರಾಜಧಾನಿ ವಿದ್ಯಾರ್ಥಿಗಳೂ ಪ್ರವಾಸಿಗರೂ ತುಂಬಿರುವ ಊರು, ರಾತ್ರಿ ಹತ್ತಕ್ಕೂ ಚೌಕಗಳಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಆದರೂ ಹೊರಡುವ ವಾರ ಸರ್ಕಾರಿ ಪ್ರಯಾಣ ಸೂಚನೆಗಳನ್ನು ನೋಡಿಕೊಳ್ಳಿ; ಊರಿಂದೂರಿಗೆ ಹಗಲಿನಲ್ಲಿಯೇ, ಟೋಲ್ ರಸ್ತೆಯಲ್ಲಿಯೇ ಪ್ರಯಾಣಿಸಿ; ರಾತ್ರಿ ಖಾಲಿ ಓಣಿಗಳ ಮೇಲ್ತುದಿಗಳಿಗೆ ಹೋಗಬೇಡಿ.

ಹಿಂತಿರುಗುವ ದಿನದ ವಿಮಾನ ಬೆಳಗಿನ ಜಾವದ್ದಾದರೆ ಹಿಂದಿನ ಸಂಜೆಯೇ ಟ್ಯಾಕ್ಸಿಯನ್ನು ಗೊತ್ತುಮಾಡಿ, ಅದು ಸುರಂಗದ ಯಾವ ಮೆಟ್ಟಿಲಿನ ಬಳಿ ನಿಲ್ಲಬೇಕೆಂದು ಚಾಲಕರಿಗೆ ತೋರಿಸಿಯೇ ಬನ್ನಿ, ಭಾರದ ಪೆಟ್ಟಿಗೆಗಳನ್ನು ರಾತ್ರಿಯೇ ಹೋಟೆಲಿನ ಕೆಳಗಿನ ಕೋಣೆಗೆ ಇಳಿಸಿಡಿ. ಎರಡನೆಯ ಸಲ ನಾವು ಹಾಗೆಯೇ ಮಾಡಿದೆವು. ಬೆಳಗಿನ ನಾಲ್ಕೂವರೆಗೆ ಅತ್ತೆಯವರು ಎಣಿಸಿ ಹನ್ನೊಂದೇ ಮೆಟ್ಟಿಲು ಇಳಿದು ಕಾರಿನಲ್ಲಿ ಕೂತರು.